ಪೆಟ್ರೋಲ್ ಬಂಕನ್ನೂ ಉಳಿಸಿಕೊಂಡ ಊರಿಗೆ ಒಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಪಾಮ್ ಸ್ಪ್ರಿಂಗ್ಸ್ ನಗರಸಭೆಯ ಸದಸ್ಯರೇ, ಐತಿಹಾಸಿಕ ತಾಣ ಸಂರಕ್ಷಣಾ ಮಂಡಳಿಯವರೇ, ಇಪ್ಪತ್ತನೇ ಶತಮಾನದ ನಡುವಿನ ಆಧುನಿಕ ಕಟ್ಟಡಗಳ ಉತ್ಸವವಾದ ಮಾಡರ್ನಿಸಂ ವೀಕನ್ನು ಪ್ರತಿ ಫೆಬ್ರವರಿಯಲ್ಲಿ ನಡೆಸುವವರೇ,

ನಮಸ್ಕಾರ.

ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ತಲುಪುತ್ತದೆ. ಕನ್ನಡದಲ್ಲೂ ಬರೆದು ನಾಲ್ಕು ಜನರ ಮುಂದೆ ಇಡುತ್ತಿರುವುದಕ್ಕೆ ಕಾರಣವಿದೆ. ಲಾಸ್ ಏಂಜಲೀಸ್, ಅರ್ವೈನ್, ಸ್ಯಾನ್ ಡಿಯಾಗೋ ಕಡೆ ಇರುವ ಕನ್ನಡದ ಮನೆಗಳಿಗೆ ನಿಮ್ಮ ಊರು ಹೊಸದಲ್ಲ. ಊರಿಂದ ಅಪ್ಪ ಅಮ್ಮ ಬಂದರೆ ಮೂರನೇ ವಾರಕ್ಕೆ ‘ಇನ್ನೆಲ್ಲಿಗೆ ಕರ್ಕೊಂಡು ಹೋಗೋದು’ ಅನ್ನುವ ಪ್ರಶ್ನೆ ಬರುತ್ತದೆ. ಆಗ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ನಿಮ್ಮ ಕಡೆಗೇ ಹೊರಡುವುದು. ದಾರಿಯಲ್ಲಿ ಗಾಳಿಯಂತ್ರಗಳ ಮುಂದೆ ಒಂದು ಫೋಟೊ. ಟ್ರಾಮ್‌ವೇ ಎನ್ನುವ ಕೇಬಲ್ ಕಾರ್ ಹತ್ತಿ ಬೆಟ್ಟದ ಮೇಲೆ ಒಂದಿಷ್ಟು ಹಿಮ. ವಾಪಸ್ ಬರುವಾಗ ಔಟ್‌ಲೆಟ್ ಮಾಲ್. ಅಲ್ಲಿಗೆ ಪಾಮ್ ಸ್ಪ್ರಿಂಗ್ಸ್ ಮುಗಿಯಿತು. ಊರನ್ನು ಮಾತ್ರ ನೋಡಿರುವುದಿಲ್ಲ! ಹಾಗಾಗಿ ಈ ಪತ್ರವನ್ನು ನೀವೂ ಓದಬೇಕು, ಅವರೂ ಓದಬೇಕು.

ಮೊದಲು ಮೆಚ್ಚುಗೆಯ ಮಾತು. ಹೈವೇ 111ರಲ್ಲಿ ನಿಮ್ಮ ಊರಿಗೆ ಬರುವಾಗ, ಟ್ರಾಮ್‌ವೇಗೆ ತಿರುಗುವ ಮೂಲೆಯಲ್ಲಿ, ಒಂದು ಚೂಪಾದ ಚಾವಣಿ ರಸ್ತೆಯ ಕಡೆಗೆ ಚಾಚಿಕೊಂಡು ನಿಂತಿದೆ. ಆರ್ಕಿಟೆಕ್ಟ್‌ಗಳಾದ ಆಲ್ಬರ್ಟ್ ಫ್ರೈ ಮತ್ತು ರಾಬ್ಸನ್ ಚೇಂಬರ್ಸ್ ವಿನ್ಯಾಸ ಮಾಡಿದ, 1965ರ ಪೆಟ್ರೋಲ್ ಬಂಕ್ ಅದು. ಪೆಟ್ರೋಲ್ ಹಾಕಿಸಲು ಅಷ್ಟು ದೊಡ್ಡ ರೆಕ್ಕೆ ಬೇಕಿರಲಿಲ್ಲ. ಆದರೆ ಮರುಭೂಮಿ ದಾಟಿ ಬಂದವನಿಗೆ ‘ಇಲ್ಲಿಂದ ಬೇರೆಯದೇ ಊರು ಶುರು’ ಎಂದು ಹೇಳಬೇಕಿತ್ತು. ಆ ಕೆಲಸವನ್ನು ಅದು ಇವತ್ತಿಗೂ ಮಾಡುತ್ತಿದೆ. 1990ರ ದಶಕದ ಕೊನೆಗೆ ಅದನ್ನು ಕೆಡವುವ ಮಾತು ಬಂತು. ಬಂಕ್ ಮುಚ್ಚಿತ್ತು, ಕಟ್ಟಡ ಹಾಳು ಬಿದ್ದಿತ್ತು, ಜಾಗಕ್ಕೆ ಬೆಲೆ ಇತ್ತು. ಜನ ಬಿಡಲಿಲ್ಲ. ಅದು ಕೆಲ ಕಾಲ ಕಲಾ ಗ್ಯಾಲರಿಯಾಯಿತು. 2003ರಿಂದ ನಿಮ್ಮದೇ ಪ್ರವಾಸಿ ಮಾಹಿತಿ ಕೇಂದ್ರವಾಗಿದೆ. 2015ರಲ್ಲಿ, ಸರಿಯಾಗಿ 50 ವರ್ಷ ತುಂಬಿದಾಗ, ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೂ ಸೇರಿತು.

ಈ 50 ವರ್ಷದ ಲೆಕ್ಕ ಮುಖ್ಯ. ಅಮೆರಿಕದ ಆ ಪಟ್ಟಿಗೆ ಸಾಮಾನ್ಯವಾಗಿ 50 ವರ್ಷ ಆಗಿರಬೇಕು. ಕೆಡವುವ ಮಾತು ಬಂದಾಗ ಆ ಬಂಕಿಗೆ ಮೂವತ್ತು ಚಿಲ್ಲರೆ ವರ್ಷ. ಆ ವಯಸ್ಸಿನ ಕಟ್ಟಡ ಯಾರ ಕಣ್ಣಿಗೂ ಪರಂಪರೆಯಾಗಿ ಕಾಣುವುದಿಲ್ಲ. ಅಪ್ಪನ ಕಾಲದ ಹಳೇ ಸಾಮಾನಿನ ಹಾಗೆ ಕಾಣುತ್ತದೆ. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಇತ್ತು. ವಿನ್ಯಾಸ ರಾಜ್ ರೇವಾಲ್ ಅವರದು, ಎಂಜಿನಿಯರಿಂಗ್ ಮಹೇಂದ್ರ ರಾಜ್ ಅವರದು. ಜಗತ್ತಿನ ಆರ್ಕಿಟೆಕ್ಟ್‌ಗಳು ಬೇಡ ಬೇಡ ಎಂದರೂ 2017ರ ಏಪ್ರಿಲ್‌ನಲ್ಲಿ ಅದನ್ನು ಕೆಡವಿದರು. 60 ವರ್ಷ ಆಗದ ಕಟ್ಟಡವನ್ನು ಪರಂಪರೆ ಎಂದು ಪರಿಗಣಿಸುವುದಿಲ್ಲ ಎನ್ನುವುದು ಅಲ್ಲಿನ ಪರಂಪರೆ ಸಂರಕ್ಷಣಾ ಸಮಿತಿಯ ವಾದವಾಗಿತ್ತು. ನಮ್ಮ ದೇಶಕ್ಕೆ ಸಾವಿರ ವರ್ಷದ ಕಲ್ಲಿನ ಗುಡಿ ಕಂಡರೆ ಭಕ್ತಿ. ಐವತ್ತು ವರ್ಷದ ಕಾಂಕ್ರೀಟ್ ಕಂಡರೆ ಬುಲ್ಡೋಜರ್ ನೆನಪಾಗುತ್ತದೆ. ಅದಕ್ಕೇ ನಿಮ್ಮ ಪೆಟ್ರೋಲ್ ಬಂಕ್ ನನಗೆ ಅಷ್ಟು ದೊಡ್ಡದಾಗಿ ಕಾಣುವುದು.

ಕೆಡವಲು ಎಷ್ಟು ಕಡಿಮೆ ಸಮಯ ಸಾಕು ಎನ್ನುವುದು ನಿಮಗೆ ಹೇಳಿಕೊಡಬೇಕಿಲ್ಲ. ಪಕ್ಕದ ರಾಂಚೊ ಮಿರಾಜ್‌ನಲ್ಲಿ ಆರ್ಕಿಟೆಕ್ಟ್ ರಿಚರ್ಡ್ ನಾಯ್ಟ್ರಾ 1962ರಲ್ಲಿ ಕಟ್ಟಿದ ಮ್ಯಾಸ್ಲನ್ ಮನೆ ಇತ್ತು. 2002ರಲ್ಲಿ ಅದು ಹೊಸಬರ ಕೈಗೆ ಹೋಯಿತು. ಕೆಲವೇ ವಾರಗಳಲ್ಲಿ ನೆಲಸಮವಾಯಿತು. ಕಳ್ಳತನದಲ್ಲಿ ಅಲ್ಲ, ಊರಿನ ಪರ್ಮಿಟ್ ಇಟ್ಟುಕೊಂಡೇ! ಅರ್ಜಿ ಬಂತು, ಗುಮಾಸ್ತರು ಮೊಹರು ಹಾಕಿದರು, ಮುಗಿಯಿತು. ‘ಇದು ಯಾರ ಮನೆ’ ಎಂದು ಒಂದು ಸಲ ಕೇಳುವ ಪದ್ಧತಿಯೇ ಅಲ್ಲಿರಲಿಲ್ಲ.

ಅದೇ ನಾಯ್ಟ್ರಾ 1946ರಲ್ಲಿ ನಿಮ್ಮಲ್ಲಿ ಕಟ್ಟಿದ ಕೌಫ್‌ಮನ್ ಮನೆಯ ಕಥೆ ಬೇರೆ. ಅದೂ ಮಾಲೀಕರು ಬದಲಾದ ಹಾಗೆಲ್ಲ ಮೂಲ ರೂಪ ಕಳೆದುಕೊಂಡಿತ್ತು. ವರಾಂಡಗಳು ಮುಚ್ಚಿಹೋಗಿದ್ದವು, ಚಾವಣಿಯ ಮೇಲೆ ಎಸಿ ಯಂತ್ರಗಳು ಕೂತಿದ್ದವು. 1990ರ ದಶಕದಲ್ಲಿ ಕೊಂಡವರು ಅದನ್ನು ಮೊದಲಿನಂತೆ ಮಾಡಲು ಹಟ ಹಿಡಿದರು. ಜೂಲಿಯಸ್ ಶುಲ್ಮನ್ ತೆಗೆದ ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು ಕೆಲಸ ಮಾಡಿಸಿದರು. ಗೋಡೆಗೆ ಹೊಂದುವ ಕಲ್ಲಿಗಾಗಿ ಯೂಟಾದಲ್ಲಿ ಮುಚ್ಚಿದ್ದ ಕಲ್ಲುಗಣಿಯ ಭಾಗವನ್ನೇ ಮತ್ತೆ ತೆರೆಸಿದರು. ಇಂಥ ಹುಚ್ಚು ಒಬ್ಬಿಬ್ಬರಿಗೆ ಹಿಡಿದದ್ದರಿಂದಲೇ ಊರಿಗೆಲ್ಲ ಆಸೆ ಹುಟ್ಟಿತು ಅನಿಸುತ್ತದೆ. 1999ರಲ್ಲಿ ಇಂಥ ಕಟ್ಟಡಗಳನ್ನು ಕಾಪಾಡಲು ಪಾಮ್ ಸ್ಪ್ರಿಂಗ್ಸ್ ಮಾಡರ್ನ್ ಕಮಿಟಿ ಹುಟ್ಟಿತು. 2006ರಲ್ಲಿ ಮಾಡರ್ನಿಸಂ ವೀಕ್ ಶುರುವಾಯಿತು. ಈಗ ಆ ಹನ್ನೊಂದು ದಿನಕ್ಕೆ ಲಕ್ಷಕ್ಕೂ ಜಾಸ್ತಿ ಜನ ಬರುತ್ತಾರೆ. ಹಳೇ ಮನೆ ನೋಡಲು ಟಿಕೆಟ್ ಕೊಂಡು ಬಿಸಿಲಲ್ಲಿ ಸಾಲು ನಿಲ್ಲುತ್ತಾರೆ.

ನಮ್ಮವರು ಇಷ್ಟಾದರೂ ಕೇಳುತ್ತಾರೆ, ಅದರಲ್ಲಿ ನೋಡೋಕೆ ಏನಿದೆ ಅಂತ. ಅವರಿಗಾಗಿ ಸ್ವಲ್ಪ ಹೇಳುತ್ತೇನೆ, ನೀವು ಕ್ಷಮಿಸಬೇಕು.

ಫ್ರೈ ಸ್ವಿಟ್ಜರ್‌ಲೆಂಡಿನವರು. 1928-29ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಸಿದ್ಧ ಆರ್ಕಿಟೆಕ್ಟ್ ಲೆ ಕಾರ್ಬೂಸಿಯೆ ಅವರ ಕಚೇರಿಯಲ್ಲಿ ಕೆಲಸ ಮಾಡಿದವರು. ಎರಡು ದಶಕದ ನಂತರ, 1950ರ ದಶಕದ ಆರಂಭದಲ್ಲಿ, ಅದೇ ಗುರುವಿನ ಕಚೇರಿಗೆ ನಮ್ಮ ಬಾಲಕೃಷ್ಣ ದೋಶಿ ಹೋಗಿ ಸೇರಿದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿದವರಿಗೆ ದೋಶಿ ಗೊತ್ತು. ಒಬ್ಬ ಶಿಷ್ಯ ಕ್ಯಾಲಿಫೋರ್ನಿಯಾದ ಮರಳಿಗೆ ಬಂದ, ಇನ್ನೊಬ್ಬ ನಮ್ಮ ಕಡೆ ಬಂದ. ಇಬ್ಬರೂ ಗುರುವಿನ ಬಿಳಿ ಪೆಟ್ಟಿಗೆಯಂಥ ಮನೆಗಳನ್ನು ಹಾಗೇ ನಕಲು ಮಾಡಲಿಲ್ಲ. ತಮ್ಮ ಊರಿನ ಬಿಸಿಲು ಏನು ಕೇಳುತ್ತದೆ ಎಂದು ನೋಡಿದರು. ಐಐಎಂನಲ್ಲಿ ಅದು ಒರಟು ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಉದ್ದನೆಯ ಕಾರಿಡಾರ್, ಅಂಗಳವಾಯಿತು. ಪಾಮ್ ಸ್ಪ್ರಿಂಗ್ಸ್‌ನಲ್ಲಿ ಅಗಲವಾದ ಸಜ್ಜೆ, ಜಾಲಿ ಗೋಡೆ, ನೆರಳಿನ ತೆರೆಯಾಯಿತು. 1950ರ ದಶಕದ ನಿಮ್ಮ ಸಿಟಿ ಹಾಲ್‌ನ ಕಿಟಕಿಗಳ ಮುಂದೆ ಓರೆಯಾಗಿ ಕತ್ತರಿಸಿದ ಲೋಹದ ಕೊಳವೆಗಳನ್ನು ಜೋಡಿಸಿದ್ದಾರಲ್ಲ, ಅದು ಅಲಂಕಾರ ಅಂದುಕೊಳ್ಳಬೇಡಿ. ಬಿಸಿಲನ್ನು ಹೊರಗೇ ತಡೆಯುವ ಉಪಾಯ. ಹಳೆಯ ಮನೆಗಳ ಜಾಲರಿ ಕಿಟಕಿ ನೋಡಿ ಬೆಳೆದ ನಮಗೆ ಅದು ತಕ್ಷಣ ಅರ್ಥವಾಗಬೇಕು.

ಫ್ರೈ ತಮಗಾಗಿ 1964ರಲ್ಲಿ ಬೆಟ್ಟದ ಮೇಲೆ ಕಟ್ಟಿಕೊಂಡ ಮನೆ ಇನ್ನೂ ಚೆಂದ. ಸುಮಾರು 800 ಚದರಡಿ ಅಷ್ಟೇ. ಜಾಗದಲ್ಲಿ ದೊಡ್ಡ ಬಂಡೆಯೊಂದಿತ್ತು. ಬೇರೆಯವರಾಗಿದ್ದರೆ ಒಡೆಸುತ್ತಿದ್ದರು. ಇವರು ಗಾಜಿನ ಗೋಡೆಯನ್ನೇ ಬಂಡೆಯ ಆಕಾರಕ್ಕೆ ಕತ್ತರಿಸಿ ಅದನ್ನು ಒಳಗೆ ಬಿಟ್ಟುಕೊಂಡರು. ಬಂಡೆಯ ಈಚೆ ಕೂರುವ ಜಾಗ, ಆಚೆ ಮಲಗುವ ಜಾಗ. ಬೆಟ್ಟದಲ್ಲಿ ವಸಂತದಲ್ಲಿ ಅರಳುವ ಹಳದಿ ಹೂವಿನ ಬಣ್ಣದ್ದೇ ಪರದೆ. 1998ರಲ್ಲಿ ತೀರಿಕೊಳ್ಳುವಾಗ ಆ ಮನೆಯನ್ನು ಊರಿನ ಕಲಾ ಮ್ಯೂಸಿಯಂಗೆ ಬಿಟ್ಟುಹೋದರು.

ಇವೆಲ್ಲ ಹೆಸರಾದ ಮನೆಗಳು. ಇವುಗಳ ಬಗ್ಗೆ ನನಗೆ ಚಿಂತೆ ಜಾಸ್ತಿ ಇಲ್ಲ. ಗಾಯಕ ಫ್ರಾಂಕ್ ಸಿನಾಟ್ರಾ 1947ರಲ್ಲಿ ಕಟ್ಟಿಸಿದ ಮನೆಗೆ, ಪಿಯಾನೊ ಆಕಾರದ ಈಜುಕೊಳಕ್ಕೆ ಕಾವಲು ಕಾಯುವವರು ಯಾವಾಗಲೂ ಇರುತ್ತಾರೆ. ನಾನು ಕೇಳುತ್ತಿರುವುದು ಹೆಸರಿಲ್ಲದವುಗಳ ಬಗ್ಗೆ. ಜಾರ್ಜ್ ಅಲೆಕ್ಸಾಂಡರ್ ಮತ್ತು ಅವರ ಮಗ ರಾಬರ್ಟ್ 1950ರ ದಶಕದ ನಡುವಿನಿಂದ ಹತ್ತು ವರ್ಷದಲ್ಲಿ ಆ ಕಣಿವೆಯಲ್ಲಿ 2,000ಕ್ಕೂ ಹೆಚ್ಚು ಮನೆ ಕಟ್ಟಿದರು. ಅವರ ಟ್ವಿನ್ ಪಾಮ್ಸ್ ಬಡಾವಣೆಯಲ್ಲಿ ಆರ್ಕಿಟೆಕ್ಟ್ ವಿಲಿಯಂ ಕ್ರೈಸೆಲ್ ಮಾಡಿದ ಜಾಣತನ ನೋಡಿ. ಒಳಗಿನ ನಕ್ಷೆ ಎಲ್ಲ ಮನೆಗೂ ಹೆಚ್ಚುಕಮ್ಮಿ ಒಂದೇ, ಚೌಕ. ಒಂದನ್ನು ಬಲಕ್ಕೆ ತಿರುಗಿಸಿದರು, ಇನ್ನೊಂದನ್ನು ಎಡಕ್ಕೆ. ಒಂದಕ್ಕೆ ಚಿಟ್ಟೆ ರೆಕ್ಕೆಯ ಚಾವಣಿ, ಇನ್ನೊಂದಕ್ಕೆ ಚಪ್ಪಟೆ. ಒಂದೇ ಹಿಟ್ಟಿನಲ್ಲಿ ದೋಸೆ, ಪಡ್ಡು, ಉತ್ತಪ್ಪ ಮಾಡಿದ ಹಾಗೆ! ಪ್ರತಿ ಮನೆಗೂ ಎರಡೆರಡು ತಾಳೆ ಮರ. ಖರ್ಚು ಕಡಿಮೆಯಾಯಿತು, ಬೀದಿ ಬೇಸರ ತರಿಸಲಿಲ್ಲ. ಕೋಟ್ಯಧೀಶರಲ್ಲದವರಿಗೂ ಒಳ್ಳೆಯ ವಿನ್ಯಾಸದ ಮನೆ ಸಿಕ್ಕಿತು. 1965ರ ನವೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಅಪ್ಪ, ಮಗ, ಅವರ ಹೆಂಡತಿಯರು ಒಟ್ಟಿಗೇ ತೀರಿಕೊಂಡರು. ಅಲ್ಲಿಗೆ ಆ ಕಂಪನಿಯ ಕಥೆಯೂ ಮುಗಿದಂತಾಯಿತು.

ಆರ್ಕಿಟೆಕ್ಟ್ ಡೊನಾಲ್ಡ್ ವೆಕ್ಸ್ಲರ್ ಅವರ ಉಕ್ಕಿನ ಮನೆಗಳೂ ಅದೇ ಆಸೆಯವು. ಗೋಡೆ, ಚಾವಣಿ ಎಲ್ಲ ಉಕ್ಕು, ಕಾರ್ಖಾನೆಯಲ್ಲಿ ಮಾಡಿ ತಂದು ಜೋಡಿಸುವುದು. 38 ಮನೆಗಳ ಯೋಜನೆ ಇತ್ತು. ಉಕ್ಕಿನ ಬೆಲೆ ಏರಿತು, 1962ರ ಹೊತ್ತಿಗೆ ಏಳಕ್ಕೇ ನಿಂತಿತು. ಆ ಏಳೂ ಊರಿನ ಉತ್ತರ ಭಾಗದಲ್ಲಿ ಇವತ್ತಿಗೂ ನಿಂತಿವೆ. ಗೆದ್ದಲು ತಿನ್ನುವ ಹಾಗಿಲ್ಲವಲ್ಲ.

ಇಂಥ ಸಾಮಾನ್ಯ ಮನೆಗಳು ಒಂದೇ ಸಲಕ್ಕೆ ಹೋಗುವುದಿಲ್ಲ. ಚೂರು ಚೂರೇ ಹೋಗುತ್ತವೆ. ಇವತ್ತು ಜಾಲಿ ಗೋಡೆ ಕಿತ್ತು ಗ್ರಾನೈಟ್ ಹಾಕುತ್ತಾರೆ. ನಾಳೆ ಕಾರ್‌ಪೋರ್ಟ್ ಮುಚ್ಚಿ ಒಂದು ರೂಮು ಮಾಡುತ್ತಾರೆ. ಹತ್ತು ವರ್ಷದಲ್ಲಿ ಬೀದಿಯೇ ಗುರುತು ಸಿಗದ ಹಾಗಾಗುತ್ತದೆ. ಯಾರ ಮೇಲೂ ದೂರು ಹೇಳುವಂತಿಲ್ಲ. ಒಂದೊಂದು ಮನೆಗೆ ‘ಕ್ಲಾಸ್ 1’ ಐತಿಹಾಸಿಕ ತಾಣದ ಪದವಿ ಕೊಡುವುದರ ಜೊತೆಗೆ ಇಡೀ ಬೀದಿಗಳನ್ನೂ ಗಮನಿಸಿ ಎಂದು ನಾನು ಕೇಳುವುದು ಇದಕ್ಕೇ. ಕ್ಯಾಲಿಫೋರ್ನಿಯಾದಲ್ಲಿ 1972ರಿಂದ ಮಿಲ್ಸ್ ಕಾಯ್ದೆ ಇದೆ. ಹಳೇ ಕಟ್ಟಡ ಕಾಪಾಡುತ್ತೇನೆ ಎಂದು ಬರೆದುಕೊಟ್ಟವರಿಗೆ ಆಸ್ತಿ ತೆರಿಗೆ ಇಳಿಯುತ್ತದೆ. ವಕೀಲರನ್ನು, ಸಲಹೆಗಾರರನ್ನು ಇಟ್ಟುಕೊಂಡವರಿಗೆ ಅದು ಸಲೀಸು. ನಿವೃತ್ತಿಯ ಹಣದಲ್ಲಿ ಒಂದು ಅಲೆಕ್ಸಾಂಡರ್ ಮನೆ ಕೊಂಡು ಕೂತ ಸಾಧಾರಣ ಜನಕ್ಕೂ ಆ ಅರ್ಜಿ ತುಂಬಿಸಿಕೊಡಲು ನಿಮ್ಮ ಕಚೇರಿಯಲ್ಲಿ ಒಬ್ಬರು ಬೇಕು.

ಬಿಸಿಲಿನ ಮಾತೂ ಇದೆ. 2024ರ ಜುಲೈ 5ರಂದು ನಿಮ್ಮಲ್ಲಿ 124 ಡಿಗ್ರಿ ಫ್ಯಾರನ್‌ಹೀಟ್ ಆಯಿತು. ನಮ್ಮ ಲೆಕ್ಕದಲ್ಲಿ 51 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರಿನ ಬೇಸಿಗೆ ಕಂಡವರೂ ಬೆಚ್ಚುವ ಮಾತು. ಈ ಮನೆಗಳಲ್ಲಿ ಎಷ್ಟೋ ಚಳಿಗಾಲಕ್ಕೆ ಬಂದು ಇರುವವರಿಗಾಗಿ ಕಟ್ಟಿದವು. ಹಿಂದೆ ಬೇಸಿಗೆ ಬಂದರೆ ಹೋಟೆಲುಗಳೇ ಬಾಗಿಲು ಹಾಕುತ್ತಿದ್ದವು. ಒಂದೇ ಪದರದ ಗಾಜು, ತೆಳ್ಳನೆಯ ಚಾವಣಿ. ಈಗ ಅವುಗಳಲ್ಲಿ ವರ್ಷವಿಡೀ ವಾಸ ಮಾಡುವವರಿದ್ದಾರೆ, ಅವರಲ್ಲಿ ವಯಸ್ಸಾದವರು ಬಹಳ. ಅವರಿಗೆ ಎರಡು ಪದರದ ಗಾಜು ಬೇಕು, ಚಾವಣಿಗೆ ಶಾಖ ತಡೆಯುವ ಹೊದಿಕೆ ಬೇಕು, ಸೋಲಾರ್ ಬೇಕು. ಚಪ್ಪಟೆ ಚಾವಣಿಯ ಮೇಲೆ ರಸ್ತೆಗೆ ಕಾಣದ ಹಾಗೆ ಸೋಲಾರ್ ಹಾಕುವುದು ಕಷ್ಟವೇನಲ್ಲ. ಯಾವ ಬದಲಾವಣೆ ಮಾಡಿದರೆ ಮನೆಯ ರೂಪ ಕೆಡುವುದಿಲ್ಲ ಎಂದು ನೀವೇ ಒಂದು ಪಟ್ಟಿ ಮಾಡಿಡಿ. ಆ ಪಟ್ಟಿಯಲ್ಲಿದ್ದರೆ ಸಭೆ, ವಿಚಾರಣೆ ಇಲ್ಲದೆ ಕೌಂಟರಿನಲ್ಲೇ ಅನುಮತಿ ಕೊಡಿ. ಮ್ಯೂಸಿಯಂ ವಸ್ತುವಿನಲ್ಲಿ ಬೇಯುತ್ತಾ ಕೂರಿ ಎಂದರೆ ಜನ ಪರಂಪರೆಗೆ ಕೈ ಮುಗಿದು ಹೊರಟುಹೋಗುತ್ತಾರೆ.

ಇಲ್ಲಿಯವರೆಗೆ ಹೇಳಿದ್ದನ್ನು ನಿಮ್ಮ ಊರಿನವರೇ ಎಷ್ಟೋ ಸಲ ಹೇಳಿರುತ್ತಾರೆ. ನಾನು ಪತ್ರ ಬರೆಯಲು ಕೂತದ್ದು ಮುಂದಿನ ಮಾತಿಗಾಗಿ.

ನಿಮ್ಮ ಸಿಟಿ ಹಾಲ್‌ನಲ್ಲಿ ಸಭಾಂಗಣದ ಬಾಗಿಲ ಮೇಲೆ ‘ಜನರೇ ನಗರ’ ಎನ್ನುವ ಅರ್ಥದ ಮಾತು ಬರೆದಿದೆ. ಶೇಕ್ಸ್‌ಪಿಯರ್ ನಾಟಕದ ಸಾಲು. ಆ ಕಟ್ಟಡ ಹೊಸದಾಗಿದ್ದ ದಿನಗಳಲ್ಲಿ, ಅದರ ಒಳಗೇ, ಊರಿನ ಒಂದು ಚದರ ಮೈಲಿಯ ಜನರನ್ನು ಎಬ್ಬಿಸುವ ತೀರ್ಮಾನಗಳಾದವು.

ಸೆಕ್ಷನ್ 14ರ ಕಥೆ ನಮ್ಮವರಿಗೆ ಗೊತ್ತಿರಲಾರದು. ಆ ಕಣಿವೆ ಆಗ್ವಾ ಕಾಲಿಯೆಂಟೆ ಬುಡಕಟ್ಟಿನ ಕಾಹುಯಿಯಾ ಜನರ ನೆಲ. ಹತ್ತೊಂಬತ್ತನೇ ಶತಮಾನದಲ್ಲಿ ಸರ್ಕಾರ ಅದನ್ನು ಚದುರಂಗದ ಮಣೆಯಂತೆ ಮೈಲಿ ಮೈಲಿಯ ಚೌಕಗಳಾಗಿ ಕತ್ತರಿಸಿತು. ಒಂದು ಚೌಕ ರೈಲ್ವೆ ಕಂಪನಿಗೆ, ಪಕ್ಕದ್ದು ಬುಡಕಟ್ಟಿಗೆ. ಸೆಕ್ಷನ್ 14 ಬುಡಕಟ್ಟಿನ ಪಾಲಿಗೆ ಬಂದ ಚೌಕ. ಊರಿಗೆ ಹೆಸರು ತಂದ ಬಿಸಿನೀರಿನ ಬುಗ್ಗೆ ಅದರಲ್ಲೇ ಇದೆ. ಮಾರ್ಕೆಟ್ ಬೀದಿಯ ಪಕ್ಕದ್ದೇ ಜಾಗ, ಇಂಡಿಯನ್ ಕ್ಯಾನ್ಯನ್ ಡ್ರೈವ್ ದಾಟಿದರೆ ಸಾಕು.

ನೆಲ ಬುಡಕಟ್ಟಿನದಾದರೂ ಕೇಂದ್ರ ಸರ್ಕಾರದ ಕಾನೂನು ಅದನ್ನು ಬಹುಕಾಲ ಐದೇ ವರ್ಷದ ಗುತ್ತಿಗೆಗೆ ಕೊಡಲು ಬಿಡುತ್ತಿತ್ತು. ಐದು ವರ್ಷದ ಜಾಗದಲ್ಲಿ ಯಾರು ಗಟ್ಟಿ ಮನೆ ಕಟ್ಟುತ್ತಾರೆ? ಹಾಗಾಗಿ ಅಲ್ಲಿ ಶೀಟು, ಮರದ ಮನೆಗಳೇ ಜಾಸ್ತಿ. ಅವುಗಳಲ್ಲಿ ಇದ್ದವರು ಕರಿಯ ಜನ, ಮೆಕ್ಸಿಕನ್ ಮೂಲದವರು, ಬುಡಕಟ್ಟಿನವರು. ಊರಿನ ಬೇರೆ ಕಡೆ ಬಿಳಿಯರಲ್ಲದವರಿಗೆ ಮನೆ ಕೊಡಬಾರದು ಎಂದು ಆಸ್ತಿಪತ್ರಗಳಲ್ಲೇ ಬರೆಯುತ್ತಿದ್ದ ಕಾಲ ಅದು. ಹೋಟೆಲುಗಳಲ್ಲಿ ಹಾಸಿಗೆ ಸರಿಮಾಡಿದವರು, ಅಡುಗೆ ಮಾಡಿದವರು, ತೋಟ ನೋಡಿಕೊಂಡವರು, ನಾವೀಗ ಟಿಕೆಟ್ ಕೊಂಡು ನೋಡುವ ಮನೆಗಳಿಗೆ ಗಾರೆ ಕಲಸಿದವರು ರಾತ್ರಿ ಮಲಗಲು ವಾಪಸ್ ಹೋಗುತ್ತಿದ್ದದ್ದು ಸೆಕ್ಷನ್ 14ಕ್ಕೆ.

1959ರಲ್ಲಿ ಕಾನೂನು ಬದಲಾಯಿತು. 99 ವರ್ಷದ ಗುತ್ತಿಗೆಗೆ ಅವಕಾಶ ಸಿಕ್ಕಿತು. ಅದಕ್ಕಾಗಿ ವಾಷಿಂಗ್ಟನ್‌ವರೆಗೆ ಹೋಗಿ ಹೋರಾಡಿದವರು ಬುಡಕಟ್ಟಿನ ಮಂಡಳಿಯ ಹೆಂಗಸರು. ವಯೋಲಾ ಆರ್ಟ್‌ನರ್ ಅವರ ಮುಂದಾಳು. ತಮ್ಮ ನೆಲದಿಂದ ತಮಗೂ ಆದಾಯ ಬರಲಿ ಎನ್ನುವ ಅವರ ಆಸೆಯಲ್ಲಿ ತಪ್ಪೇನಿತ್ತು? ಆದರೆ ಆ ನೆಲಕ್ಕೆ ಬೆಲೆ ಬಂದ ಕೂಡಲೇ ಬುಡಕಟ್ಟಿನ ಅನೇಕರಿಗೆ ‘ವ್ಯವಹಾರ ತಿಳಿಯುವುದಿಲ್ಲ’ ಎಂದು ಕೋರ್ಟುಗಳು ಪಾಲಕರನ್ನು ನೇಮಿಸಿದವು. ಪಾಲಕರಲ್ಲಿ ಕೆಲವರು ತಾವೇ ಉಂಡರು. ಆ ಹಗರಣವನ್ನು ಬಯಲಿಗೆ ತಂದ ರಿವರ್‌ಸೈಡ್‌ನ ಪ್ರೆಸ್-ಎಂಟರ್‌ಪ್ರೈಸ್ ಪತ್ರಿಕೆಗೆ 1968ರಲ್ಲಿ ಪುಲಿಟ್ಜರ್ ಬಹುಮಾನ ಬಂತು.

ಈ ಮಧ್ಯೆ ಬಾಡಿಗೆದಾರರನ್ನು ಎಬ್ಬಿಸುವ ಕೆಲಸ ನಡೆದೇ ಇತ್ತು. ನಗರಸಭೆಯ ದುಡ್ಡಿನಲ್ಲಿ ಮನೆಗಳನ್ನು ಕೆಡವಿದರು. ನಗರದ ಅಗ್ನಿಶಾಮಕ ದಳದವರೇ ಬೆಂಕಿ ಹಚ್ಚಿ ಸುಟ್ಟರು. ಕೆಲಸ ಮುಗಿಸಿ ಬಂದವರಿಗೆ ಮನೆಯೇ ಇಲ್ಲದ ಉದಾಹರಣೆಗಳಿವೆ. 1968ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ವರದಿ ಇದನ್ನು ‘ನಗರವೇ ರೂಪಿಸಿದ ಹೋಲೊಕಾಸ್ಟ್’ ಎಂದು ಕರೆಯಿತು. ಒಂದು ಸರ್ಕಾರಿ ವರದಿ ಇಷ್ಟು ಕಟುವಾದ ಮಾತು ಬಳಸುವುದು ಅಪರೂಪ.

ಈಗ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1961ರಲ್ಲಿ ವೆಕ್ಸ್ಲರ್ ಉಕ್ಕಿನ ಮನೆಗಳು ಏಳುತ್ತಿದ್ದವು. 1963ರಲ್ಲಿ ಟ್ರಾಮ್‌ವೇ ಶುರುವಾಯಿತು. 1964ರಲ್ಲಿ ಫ್ರೈ ತಮ್ಮ ಬಂಡೆಯ ಮನೆಗೆ ಹೋದರು, 1965ರಲ್ಲಿ ಪೆಟ್ರೋಲ್ ಬಂಕ್ ಎದ್ದಿತು. ಸೆಕ್ಷನ್ 14ರ ಮೇಲೆ ಹೊಗೆ ಏಳುತ್ತಿದ್ದದ್ದೂ ಇದೇ ವರ್ಷಗಳಲ್ಲಿ. ಎರಡೂ ಒಂದೇ ಊರು, ಒಂದೇ ಕಾಲ. ಒಂದಕ್ಕೆ ಉತ್ಸವ ಮಾಡಿ ಇನ್ನೊಂದಕ್ಕೆ ಫೈಲು ಮಾಡಿದರೆ ನೀವು ಉಳಿಸುತ್ತಿರುವುದು ಆ ಕಾಲದ ಅರ್ಧ ಮಾತ್ರ.

ನೀವು ಏನೂ ಮಾಡಿಲ್ಲ ಎನ್ನುತ್ತಿಲ್ಲ. 2021ರಲ್ಲಿ ನಗರಸಭೆ ಕ್ಷಮೆ ಕೇಳಿತು. ಸೆಕ್ಷನ್ 14ರ ಜನರನ್ನು ಎಬ್ಬಿಸಿದ ಕಾಲದ ಮೇಯರ್ ಫ್ರಾಂಕ್ ಬೋಗರ್ಟ್ ಅವರ ಕುದುರೆ ಸವಾರಿಯ ಪ್ರತಿಮೆಯನ್ನು 2022ರಲ್ಲಿ ಸಿಟಿ ಹಾಲ್ ಮುಂದಿನಿಂದ ತೆಗೆಯಿತು. 2024ರ ನವೆಂಬರ್‌ನಲ್ಲಿ ಅಲ್ಲಿದ್ದವರಿಗೆ, ಅವರ ಮಕ್ಕಳಿಗೆ 59 ಲಕ್ಷ ಡಾಲರ್ ಪರಿಹಾರ ಕೊಡಲು ಒಪ್ಪಿತು. ಎಷ್ಟೋ ಊರುಗಳು ಇದರ ಕಾಲು ಭಾಗವನ್ನೂ ಮಾಡಿಲ್ಲ. ಹಣ ಸಾಕೇ ಸಾಲದೇ ಎಂದು ಹೇಳುವ ಹಕ್ಕು ಆ ಕುಟುಂಬಗಳದ್ದು, ನನ್ನದಲ್ಲ.

ನನ್ನ ಮಾತು ಪರಂಪರೆ ಕಾಯುವವರಿಗೆ. ಪರಿಹಾರ ಲೆಕ್ಕದ ವಿಭಾಗದ ಕೆಲಸ. ನೆನಪು ಇಡುವುದು ನಿಮ್ಮ ಕೆಲಸ, ಅದರಲ್ಲಿ ನೀವು ಪಳಗಿದವರು. ಆಲ್ಯುಮಿನೇರ್ ಮನೆಯನ್ನೇ ನೋಡಿ. ಫ್ರೈ ಮತ್ತು ಲಾರೆನ್ಸ್ ಕೋಕರ್ 1931ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಲೋಹದ ಮನೆ. ಕಳಚಿ, ಜೋಡಿಸಿ, ಮತ್ತೆ ಕಳಚಿ ಅಲೆದದ್ದು. ಅದರ ಬಿಡಿಭಾಗಗಳನ್ನು 2017ರಲ್ಲಿ ಲಾರಿಯಲ್ಲಿ ದೇಶದ ಆ ತುದಿಯಿಂದ ಈ ತುದಿಗೆ ತಂದಿರಿ. ದುಡ್ಡು ಕೂಡಿಸಿ, 2024ರಲ್ಲಿ ಮ್ಯೂಸಿಯಂ ಪಕ್ಕ ನಿಲ್ಲಿಸಿದಿರಿ. ನಿಮ್ಮ ಊರಿನಲ್ಲಿ ಎಂದೂ ಇರದಿದ್ದ ಮನೆಗೆ ಇಷ್ಟು ಮಾಡಿದವರಿಗೆ, ನಿಮ್ಮ ಊರಿನಲ್ಲೇ ಇದ್ದು ಸುಟ್ಟುಹೋದ ಮನೆಗಳ ನಕ್ಷೆ ಬರೆಯುವುದು ಕಷ್ಟವಾ? ಯಾವ ಬೀದಿಯಲ್ಲಿ ಯಾರಿದ್ದರು, ಚರ್ಚ್ ಎಲ್ಲಿತ್ತು, ಅಂಗಡಿ ಎಲ್ಲಿತ್ತು ಎಂದು ಹೇಳಬಲ್ಲವರು ಇನ್ನೂ ಇದ್ದಾರೆ. ಆದರೆ ಅವರಿಗೆ ವಯಸ್ಸಾಗಿದೆ. ಕಟ್ಟಡದ ಫೋಟೊ ತೆಗೆಯುವ, ಅಳತೆ ಬರೆಯುವ ಶಿಸ್ತಿನಲ್ಲೇ ಅವರ ಮಾತನ್ನು ದಾಖಲಿಸಬೇಕು. ಅದನ್ನು ಬೇಗ ಮಾಡಬೇಕು.

ಇದರಲ್ಲಿ ಒಂದು ತೊಡಕಿದೆ. ಸೆಕ್ಷನ್ 14 ಇವತ್ತಿಗೂ ಬುಡಕಟ್ಟಿನ ನೆಲ. ಅಲ್ಲಿ ಕಲ್ಲು ನೆಡಬೇಕಾದರೆ ಅವರನ್ನು ಕೇಳಬೇಕು. ಬುಗ್ಗೆಯ ಮೇಲೆ 1960ರ ಹೊತ್ತಿಗೆ ಕಟ್ಟಿದ ಸ್ಪಾ ಒಂದಿತ್ತು. ವೆಕ್ಸ್ಲರ್, ವಿಲಿಯಂ ಕೋಡಿ ಮುಂತಾದವರ ಕೈಚಳಕ, ಮಿಡ್‌ಸೆಂಚುರಿ, ಅಂದರೆ ಇಪ್ಪತ್ತನೇ ಶತಮಾನದ ನಡುವಿನ ಶೈಲಿಯ ಒಳ್ಳೆಯ ಮಾದರಿ. 2014ರಲ್ಲಿ ಬುಡಕಟ್ಟು ಅದನ್ನು ಕೆಡವಿದಾಗ ಪರಂಪರೆಯವರು ಬಹಳ ನೊಂದುಕೊಂಡರು. ನನಗೂ ಆ ಕಂಬಗಳ ಸಾಲಿನ ಫೋಟೊ ನೋಡಿದಾಗ ಹೊಟ್ಟೆ ಉರಿಯುತ್ತದೆ. ಆದರೂ ಅದು ಅವರ ಪವಿತ್ರ ನೀರು, ಅವರ ನೆಲ. ಈಗ ಅಲ್ಲಿ ಅವರದೇ ಮ್ಯೂಸಿಯಂ, ಅವರದೇ ಸ್ಪಾ ಇದೆ, ಎರಡೂ 2023ರಲ್ಲಿ ತೆರೆದವು. ಐವತ್ತು ವರ್ಷದ ಪರಂಪರೆ ಸಾವಿರಾರು ವರ್ಷದ ಪರಂಪರೆಗೆ ಜಾಗ ಬಿಟ್ಟುಕೊಟ್ಟಿತು ಅಷ್ಟೇ. ಅದನ್ನು ಮ್ಯಾಸ್ಲನ್ ಮನೆಯ ಜೊತೆ ಸೇರಿಸಿ ಒಂದೇ ಪಟ್ಟಿಯಲ್ಲಿ ಅಳುವುದು ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ಹೀಗಾಗಿ ನೆನಪಿನ ಕೆಲಸದಲ್ಲಿ ಮೂರು ಕಡೆಯವರೂ ಒಂದೇ ಮೇಜಿನ ಸುತ್ತ ಕೂರಬೇಕು: ನಗರ, ಬುಡಕಟ್ಟು, ಎಬ್ಬಿಸಿದ ಕುಟುಂಬಗಳು.

ಇನ್ನೊಂದು ಕಟ್ಟಡವನ್ನು ಇಲ್ಲಿ ನೆನಪಿಸಬೇಕು. ಊರಿನ ನಡುವೆ ಟೌನ್ ಅಂಡ್ ಕಂಟ್ರಿ ಸೆಂಟರ್ ಇದೆ. 1940ರ ದಶಕದ ಕೊನೆಗೆ ಎ. ಕ್ವಿನ್ಸಿ ಜೋನ್ಸ್ ಜೊತೆ ಸೇರಿ ಅದನ್ನು ವಿನ್ಯಾಸ ಮಾಡಿದವರು ಪಾಲ್ ಆರ್. ವಿಲಿಯಮ್ಸ್, ಕರಿಯ ಆರ್ಕಿಟೆಕ್ಟ್. ಬಿಳಿಯ ಗ್ರಾಹಕರು ತಮ್ಮ ಪಕ್ಕ ಕೂರಲು ಮುಜುಗರ ಪಟ್ಟಾರು ಎಂದು, ಮೇಜಿನ ಆಚೆ ಬದಿ ಕೂತು, ಅವರಿಗೆ ನೇರವಾಗಿ ಕಾಣುವ ಹಾಗೆ ತಲೆಕೆಳಗಾಗಿ ಚಿತ್ರ ಬರೆಯುವುದನ್ನು ಕಲಿತಿದ್ದ ಮನುಷ್ಯ. ಊರಿನ ಹೃದಯಕ್ಕೆ ನಕ್ಷೆ ಹಾಕಿಕೊಟ್ಟ ಅವರು ಅದೇ ಊರಿನಲ್ಲಿ ತಮಗೊಂದು ಮನೆ ಬೇಕು ಎಂದಿದ್ದರೆ, ಆಗಿನ ಆಸ್ತಿಪತ್ರಗಳು ಅವರನ್ನು ಎಷ್ಟು ಬೀದಿಗಳಲ್ಲಿ ಒಳಗೆ ಬಿಡುತ್ತಿದ್ದವು? ಈ ಒಂದು ಪ್ರಶ್ನೆಯನ್ನು ಗೈಡ್ ಆ ಕಟ್ಟಡದ ಮುಂದೆ ನಿಂತು ಕೇಳಿದರೆ ಸಾಕು, ಬಂದವರಿಗೆ ಎಲ್ಲ ಅರ್ಥವಾಗುತ್ತದೆ. ಕಟ್ಟಡದ ಸೊಗಸೂ ಕಡಿಮೆಯಾಗುವುದಿಲ್ಲ.

ಉತ್ಸವಕ್ಕೆ ಬಂದವರ ಖುಷಿ ಹಾಳುಮಾಡಬೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕಾಕ್‌ಟೇಲ್ ಹಿಡಿದು ಈಜುಕೊಳದ ಪಕ್ಕ ನಿಂತವರಿಗೆ ಬೆಂಕಿಯ ಕಥೆ ಯಾಕೆ ಅಂತ. ಬಂದವರು ಮಕ್ಕಳಲ್ಲವಲ್ಲ. ನಮ್ಮಂಥವರಂತೂ ಊರಾಚೆಯ ಕೇರಿ ಅಂದರೆ ಏನು ಎಂದು ಗೊತ್ತಿರುವ ದೇಶದಿಂದ ಬಂದವರು. ಯಾರ ಮನೆ ಎಲ್ಲಿರಬೇಕು ಎಂದು ಇನ್ಯಾರೋ ತೀರ್ಮಾನಿಸುವುದು ನಮಗೆ ಹೊಸದೇನಲ್ಲ. ಇಲ್ಲಿಗೆ ಬಂದು ಈಜುಕೊಳ ಮಾತ್ರ ನೋಡಿ ಹೋದರೆ ಸುಮ್ನೆ ಟಿಕೆಟ್ ದುಡ್ಡು ದಂಡ.

ಹಾಗಾಗಿ ನನ್ನ ಕೋರಿಕೆ ದೊಡ್ಡದಲ್ಲ. ಪ್ರತ್ಯೇಕ ಉಪನ್ಯಾಸಕ್ಕೆ ಬಂದು ಕೂರುವವರಿಗೆ ಈ ಕಥೆ ಹೇಗೂ ಗೊತ್ತಿರುತ್ತದೆ. ಅದು ಎಲ್ಲರೂ ಹತ್ತುವ ಡಬಲ್ ಡೆಕ್ಕರ್ ಬಸ್ಸಿನ ಮಾಮೂಲಿ ಪ್ರವಾಸದಲ್ಲೇ ಬರಲಿ. ಮುಂದಿನ ಫೆಬ್ರವರಿಯಲ್ಲಿ ಬಸ್ಸು ಇಂಡಿಯನ್ ಕ್ಯಾನ್ಯನ್ ಡ್ರೈವ್ ದಾಟಿ ಪೂರ್ವಕ್ಕೆ ತಿರುಗಲಿ, ಹತ್ತು ನಿಮಿಷ ನಿಲ್ಲಲಿ. ಮಾತಾಡುವ ಗೈಡ್ ಸಾಧ್ಯವಾದರೆ ಸೆಕ್ಷನ್ 14ರ ಕುಟುಂಬದವರೇ ಆಗಿರಲಿ. ಆ ಕೆಲಸಕ್ಕೆ ಅವರಿಗೆ ಸರಿಯಾದ ಸಂಬಳ ಕೊಡಿ. ಟಿಕೆಟ್ ಮಾರಾಟ ಶುರುವಾಗುವ ಮೊದಲೇ ಇದನ್ನು ತೀರ್ಮಾನಿಸಿ ಕಾರ್ಯಕ್ರಮ ಪಟ್ಟಿಯಲ್ಲಿ ಹಾಕಿದರೆ, ನಮ್ಮ ಕಡೆಯ ಕನ್ನಡ ಕೂಟದವರನ್ನು ಸೇರಿಸಿ ಒಂದು ಬಸ್ಸು ತುಂಬಿಸುವ ಜವಾಬ್ದಾರಿ ನನ್ನದು.

ಇಂತಿ,
ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಒಬ್ಬ ಕನ್ನಡಿಗ